ಕೂತು ಕೆಲಸ ಮಾಡುವವರು ಮುದ್ದೆ ಉಣ್ಣುವ ಬಗೆ

ನಮ್ಮೂರು ನಾಗಮಂಗಲದ ಹತ್ತಿರ. ಬೆಂಗಳೂರಿಗೆ ಬಂದು ಲೆಕ್ಕಪತ್ರದ ಕೆಲಸಕ್ಕೆ ಸೇರಿ 20 ವರ್ಷ ಆಯಿತು. ಬೆಳಿಗ್ಗೆ ಒಂಬತ್ತೂವರೆಗೆ ಕುರ್ಚಿಯಲ್ಲಿ ಕೂತರೆ ಏಳುವುದು ಸಂಜೆಗೇ. ಎರಡು ವರ್ಷದ ಹಿಂದೆ ರಕ್ತ ಪರೀಕ್ಷೆಯಲ್ಲಿ, ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.3 ಬಂತು. 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದಿದೆ ಅಂತ ಅರ್ಥ.

ಅವತ್ತೇ ಅನ್ನ ಬಿಟ್ಟೆ. ರಾತ್ರಿ ಎರಡು ಮುದ್ದೆ ಉಣ್ಣಲು ಶುರು ಮಾಡಿದೆ. ನಮ್ಮವ್ವ 72ರಲ್ಲೂ ಎರಡು ಮುದ್ದೆ ಉಣ್ಣುತ್ತಾಳೆ, ಅವಳಿಗೆ ಸಕ್ಕರೆ ಕಾಯಿಲೆ ಇಲ್ಲ. ರಾಗಿ ತಾನೇ, ಎಷ್ಟಾದರೂ ತಿನ್ನಬಹುದು ಅಂದುಕೊಂಡೆ. ಊಟವಾಗಿ ಎರಡು ಗಂಟೆಗೆ ಗ್ಲೂಕೋಮೀಟರಿನಲ್ಲಿ ನೋಡಿದರೆ 192. ತುಂಬಾ ಭಯವಾಯಿತು.

ಮುಂದಿನ ಸಲ ಊರಿಗೆ ಹೋದಾಗ ಅವ್ವನ ಮುದ್ದೆ ತೂಗಿ ನೋಡಿದೆ. ಒಂದೊಂದೂ 400 ಗ್ರಾಂ! ಅವ್ವ ಕತ್ತಲಿದ್ದಂತೆ ಎದ್ದು ಕೊಟ್ಟಿಗೆ ಬಾಚುತ್ತಾಳೆ, ಕಳೆ ಕೀಳುತ್ತಾಳೆ, ಹುಲ್ಲಿನ ಹೊರೆ ತರುತ್ತಾಳೆ. ಮುದ್ದೆ ಅಷ್ಟು ದೊಡ್ಡದಾಗಿರುವುದು ಆ ದುಡಿಮೆಗೆ. ರಾಗಿಯಲ್ಲಿ ನಾರು ಜಾಸ್ತಿ, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿ ಈ ಎರಡರಲ್ಲೂ ಅದರ ಹತ್ತಿರ ಬರುವುದಿಲ್ಲ. ಆದರೆ ಪಿಷ್ಟದ ಲೆಕ್ಕದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ. 100 ಗ್ರಾಂ ರಾಗಿಯಲ್ಲಿ 70 ಗ್ರಾಮಿನ ಹತ್ತಿರ ಪಿಷ್ಟವೇ. ಕುರ್ಚಿಯಲ್ಲಿ ಕೂತವಳ ಮೈಯಲ್ಲಿ ಅದು ಎಲ್ಲಿಗೆ ಹೋಗಬೇಕು?

ಹಾಗಾಗಿ ಮೊದಲು ಅಳತೆ. ಒಬ್ಬರಿಗೆ 60 ಗ್ರಾಂ ಹಿಟ್ಟು ಸಾಕು, ಅಂದರೆ ಅರ್ಧ ಕಪ್. ನೀರು ಅದರ ಎರಡರಷ್ಟು. ಕೆಲವು ವಾರ ಕಣ್ಣಳತೆ ನಂಬಬೇಡಿ, ಕಪ್ಪಿನಲ್ಲೇ ಅಳೆಯಿರಿ. ಊರಿನ ಕೈ ಸುಮ್ನೆ ಜಾಸ್ತಿ ಹಾಕಿಬಿಡುತ್ತದೆ.

ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಡಿ. ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಕೈಯಾಡಿಸಬೇಡಿ. ಉರಿ ಸಣ್ಣ ಮಾಡಿ ಐದು ನಿಮಿಷ ಬೇಯಲು ಬಿಡಿ. ಆಮೇಲೆ ಕೋಲಿನಲ್ಲಿ ಒತ್ತಿ ಒತ್ತಿ ತಿರುವಿ, ಗಂಟು ಉಳಿಯಬಾರದು. ನೀರು ಚಿಮುಕಿಸಿ ಇನ್ನೆರಡು ನಿಮಿಷ ಮುಚ್ಚಿಡಿ. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ. ಹಸಿ ಹಿಟ್ಟಿನ ಮುದ್ದೆ ಹೊಟ್ಟೆ ಹಿಡಿಯುತ್ತದೆ. ಬಹಳ ಜನ ಪೇಟೆಗೆ ಬಂದು ಮುದ್ದೆ ಬಿಡುವುದು ಇದೇ ಕಾರಣಕ್ಕೆ ಅಂತ ನನಗನ್ನಿಸುತ್ತದೆ.

ಇನ್ನು ಸಾರು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ, ಅಲ್ವಾ? ಊಟ ಬೇಗ ಮುಗಿದುಹೋಗುತ್ತದೆ, ಹೊಟ್ಟೆ ತುಂಬಿದ್ದು ಗೊತ್ತಾಗುವುದು ತಡ. ಇದಕ್ಕೆ ಬಸ್ಸಾರಿನಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ. ಹುರುಳಿಕಾಳನ್ನೋ ಹಲಸಂದೆ ಕಾಳನ್ನೋ ದಂಟಿನ ಸೊಪ್ಪಿನ ಜೊತೆ ಬೇಯಿಸಿ ಬಸಿಯಿರಿ. ಬಸಿದ ಕಟ್ಟಿನಲ್ಲಿ ಸಾರು, ಕಾಳು ಸೊಪ್ಪಿನಲ್ಲಿ ಪಲ್ಯ. ಒಂದು ಬಟ್ಟಲು ಪಲ್ಯವನ್ನು ಮೊದಲೇ ಅಗಿದು ತಿಂದುಬಿಡಿ. ಮುದ್ದೆಗೆ ಕೈ ಹಾಕುವುದು ಆಮೇಲೆ. ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪು ಕಾಳಿನ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಹಿಂದೆಯೇ ಟೀ ಕುಡಿದರೆ ಅದು ತಪ್ಪಿಹೋಗುತ್ತದೆ, ಒಂದು ಗಂಟೆಯಾದರೂ ತಡೆಯಿರಿ.

ಉಪ್ಪುಸಾರಿನ ಖಾರ ನನಗೆ ಪ್ರಾಣ. ಆದರೆ ಅದರಲ್ಲಿ ಉಪ್ಪು ಜಾಸ್ತಿ. ಬಿಸಿಲಲ್ಲಿ ಬೆವರಿದವರ ನಾಲಿಗೆಗೆ ಹದವಾಗಿದ್ದ ಉಪ್ಪು ಎಸಿಯಲ್ಲಿ ಕೂತವರಿಗೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಮಿನ ಒಳಗೆ ಅನ್ನುತ್ತದೆ, ಹೆಚ್ಚುಕಡಿಮೆ ಒಂದು ಟೀ ಚಮಚ. ಅದರಲ್ಲೇ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿಕ್ಸ್‌ಚರ್ ಎಲ್ಲಾ ಸೇರಬೇಕು. ನಾನು ಖಾರಕ್ಕೆ ಬೆಳ್ಳುಳ್ಳಿ, ಜೀರಿಗೆ ಜಾಸ್ತಿ ಮಾಡಿ ಉಪ್ಪು ಅರ್ಧ ಮಾಡಿದೆ. ಎರಡು ವಾರದಲ್ಲಿ ನಾಲಿಗೆ ಹೊಂದಿಕೊಂಡಿತು.

ಹೊತ್ತನ್ನೂ ನೋಡಿ. ಊರಲ್ಲಿ ಕತ್ತಲಾದ ಕೂಡಲೇ ಉಣ್ಣುತ್ತಿದ್ದರು. ನಾನು ರಾತ್ರಿ ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗುತ್ತಿದ್ದೆ. ಈಗ ಏಳೂವರೆಗೆ ಊಟ, ತಟ್ಟೆ ತೊಳೆದ ಕೂಡಲೇ 15 ನಿಮಿಷ ನಡಿಗೆ. ಮಳೆ ಬಂದರೆ ಮನೆಯೊಳಗೇ ಆ ಕಡೆ ಈ ಕಡೆ ಓಡಾಡುತ್ತೇನೆ. ಇದೆಲ್ಲ ಸೇರಿ ಎರಡು ಗಂಟೆಯ ಲೆಕ್ಕ 140ರ ಆಸುಪಾಸಿಗೆ ಇಳಿಯಿತು. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ, ಹಾಗಾಗಿ ಮೂರು ತಿಂಗಳು ಕಾದೆ. 5.9 ಬಂತು. ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಊಟ ಬದಲಾಯಿಸಿ.

ರಾಗಿ ಬಿಸ್ಕತ್ತು ಕೊಳ್ಳುವ ಮುಂಚೆ ಪೊಟ್ಟಣದ ಹಿಂದೆ ಓದಿ. ಜಾಸ್ತಿ ಇರುವುದನ್ನು ಮೊದಲು ಬರೆದಿರುತ್ತಾರೆ. ಮೈದಾ, ಸಕ್ಕರೆ ಮುಂದಿದ್ದರೆ ಅದನ್ನು ರಾಗಿ ತಿಂಡಿ ಅಂತ ಲೆಕ್ಕಕ್ಕೆ ತಗೊಳ್ಳಬೇಡಿ. ಮೊಳಕೆ ರಾಗಿ ಹಿಟ್ಟು ಒಳ್ಳೆಯದೇ, ಆದರೆ ಅದರಲ್ಲಿ ಮುದ್ದೆ ಕೂಡುವುದಿಲ್ಲ, ನೀರಾಗುತ್ತದೆ. ಅದನ್ನು ಅಂಬಲಿಗೆ ಇಟ್ಟುಕೊಳ್ಳಿ.

ರಾತ್ರಿ ಮುದ್ದೆ ಮಿಕ್ಕಿದರೆ ಬಲವಂತಕ್ಕೆ ಮುಗಿಸಬೇಡಿ. ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಹಸಿ ಈರುಳ್ಳಿ ಹೆಚ್ಚಿ ಹಾಕಿಕೊಳ್ಳಿ.