ಚಿಂಚೋಳಿ ಗುಡ್ಡದ ಕಡೆ ಸಿಡಿಲು-ಮಳೆಗೆ ಸಿಕ್ಕಾಗ

ಮಿಂಚು ಕಂಡ ಕೂಡಲೇ ಎಣಿಸಿ. 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿ.ಮೀ. ಒಳಗಿದೆ, ತೊಗರಿ ಹೊಲ ಬಿಟ್ಟು ಪಕ್ಕಾ ಮನೆ ಸೇರಿ. ಒಂಟಿ ಮರದಡಿ ನಿಲ್ಲಬೇಡಿ, ದನಗಳನ್ನು ತಂತಿ ಬೇಲಿಗೆ ಕಟ್ಟಬೇಡಿ. ಕೊನೆಯ ಗುಡುಗಿನ ನಂತರವೂ 30 ನಿಮಿಷ ಒಳಗೇ ಇರಿ.

ಹಳ್ಳದ್ದು ಬೇರೆ ಲೆಕ್ಕ. ಒಣ ಎರೆಮಣ್ಣಿನ ಬಿರುಕುಗಳು ಮೊದಲ ನೀರನ್ನು ಕುಡಿಯುತ್ತವೆ. ಮಣ್ಣು ನೆನೆದು ಉಬ್ಬಿದರೆ ಬಿರುಕು ಮುಚ್ಚಿಕೊಳ್ಳುತ್ತವೆ, ಆಮೇಲೆ ಬಿದ್ದ ಮಳೆಯೆಲ್ಲ ಇಳಿಜಾರಿಗೆ ಓಡುತ್ತದೆ. ಹಾಗಾಗಿ ನೀವಿದ್ದಲ್ಲಿ ಹನಿ ಬೀಳದಿದ್ದರೂ, ಮೇಲಿನ ಗುಡ್ಡದ ಕಡೆ ಮೋಡ ಕಪ್ಪಿಟ್ಟಿದ್ದರೆ ಪಂಪ್‌ಸೆಟ್ ಎತ್ತಲು ಹಳ್ಳಕ್ಕೆ ಇಳಿಯಬೇಡಿ. ಮೋಟಾರ್ ಹೋದರೆ ಹೋಗಲಿ. ನೀರು ಏಕಾಏಕಿ ರಾಡಿಯಾಗಿ ಕಸಕಡ್ಡಿ ತಂದರೆ ತಕ್ಷಣ ದಂಡೆ ಏರಿ.

ಸೇತುವೆ ಮೇಲೆ ರಭಸದ ನೀರು 15 ಸೆಂ.ಮೀ. ಇದ್ದರೂ ಮನುಷ್ಯನನ್ನು ಬೀಳಿಸಬಲ್ಲದು, 30 ಸೆಂ.ಮೀ. ಆದರೆ ಸಣ್ಣ ಕಾರು ತೇಲಬಹುದು. ಟ್ರ್ಯಾಕ್ಟರ್ ಭಾರವೆಂಬ ಧೈರ್ಯವೂ ಬೇಡ. ನೀರಿನಡಿಯ ರಸ್ತೆಯೇ ಕೊಚ್ಚಿಹೋಗಿರಬಹುದು. ಸಿಕ್ಕಿಬಿದ್ದರೆ 112ಕ್ಕೆ ಫೋನ್ ಮಾಡಿ.