ಲ್ಯಾಬಿಗೆ ಹೊರಗಿನ ಹಣ ತಂದ ಬಗೆ

ಕೋಲಾರದಲ್ಲಿರುವ ನಮ್ಮ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕೊಳವೆಬಾವಿ ನೀರಿನ ಮೇಲೆ ಸಂಶೋಧನೆ ನಡೆಯುತ್ತದೆ. ಅಧ್ಯಾಪಕರ ಸಂಬಳ, ಕಟ್ಟಡ, ಕರೆಂಟು ಸರ್ಕಾರದ್ದು. ಉಪಕರಣ, ರಾಸಾಯನಿಕ, ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್, ಹಳ್ಳಿಗಳಿಗೆ ಹೋಗಿಬರುವ ಗಾಡಿ ಬಾಡಿಗೆ, ಇಷ್ಟಕ್ಕೂ ಹೊರಗಿನಿಂದಲೇ ಹಣ ಬರಬೇಕು. ಅದನ್ನು ತರುವ ಕೆಲಸ ವರ್ಷಗಳಿಂದ ನನ್ನ ಪಾಲಿಗಿದೆ.

ಮೊದಲು ಚಿಕ್ಕದಾಗಿ ಕೇಳಿದೆವು. ಇಲ್ಲಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5. ಇದನ್ನು ಅಳೆಯಲು ಕೋಟಿ ಬೆಲೆಯ ಯಂತ್ರ ಬೇಕಿಲ್ಲ, ಒಂದು ಫ್ಲೋರೈಡ್ ಎಲೆಕ್ಟ್ರೋಡ್, ಮೀಟರ್, ಬಫರ್ ದ್ರಾವಣ ಇದ್ದರೆ ಸಾಕು. ಅಷ್ಟರಿಂದಲೇ ಒಂದಷ್ಟು ದತ್ತಾಂಶ ಕೂಡಿಸಿ, ಅದನ್ನು ಮುಂದಿಟ್ಟುಕೊಂಡು ದೊಡ್ಡ ಪ್ರಸ್ತಾವನೆ ಬರೆದೆವು. ಕೈಯಲ್ಲಿ ಫಲಿತಾಂಶ ಇದ್ದವರ ಮಾತಿಗೆ ತಜ್ಞರ ಸಮಿತಿ ಕಿವಿಗೊಡುತ್ತದೆ. ಇಂಥ ಸಂಶೋಧನೆಗೆ ಹಣ ಕೊಡಲು ರಾಜ್ಯದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ದೃಷ್ಟಿ ಸಮೂಹ ಇದೆ. ಕೇಂದ್ರದಲ್ಲಿ ಹಿಂದೆ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ) ಇತ್ತು, ಈಗ ಅದು 2023ರ ಕಾಯ್ದೆಯ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದೊಳಗೆ ಸೇರಿದೆ.

ಸರ್ಕಾರಿ ಅನುದಾನ ಬಾಬ್ತುವಾರು ಬರುತ್ತದೆ. ಉಪಕರಣದ ಹಣದಲ್ಲಿ ರಾಸಾಯನಿಕ ಕೊಳ್ಳುವಂತಿಲ್ಲ. ಖರ್ಚಾಗದೆ ಬ್ಯಾಂಕಿನಲ್ಲಿದ್ದ ಹಣಕ್ಕೆ ಬಂದ ಬಡ್ಡಿಯನ್ನೂ ಹಿಂದಿರುಗಿಸಬೇಕು. ಪ್ರತಿ ವರ್ಷ 12-ಎ ನಮೂನೆಯಲ್ಲಿ, ಹಣ ಹೇಗೆ ಖರ್ಚಾಯಿತೆಂದು ತೋರಿಸುವ ಬಳಕೆ ಪ್ರಮಾಣಪತ್ರ ಹೋಗದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಕಂತು ನಿಂತಾಗ ಮೊದಲು ಪೆಟ್ಟು ಬೀಳುವುದು ವಿದ್ಯಾರ್ಥಿಗಳ ಫೆಲೋಶಿಪ್‌ಗೆ. 2023ರಿಂದ ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ತಿಂಗಳಿಗೆ 37,000 ರೂಪಾಯಿ. ಅದನ್ನೇ ನಂಬಿಕೊಂಡು ಊರಿಗೆ ಹಣ ಕಳಿಸುವ ಮಕ್ಕಳು ನಮ್ಮಲ್ಲಿದ್ದಾರೆ. ಅದಕ್ಕೇ ಮಾರ್ಚ್ ಮುಗಿಯುತ್ತಿದ್ದಂತೆ ಲೆಕ್ಕಪತ್ರ ಶಾಖೆಯ ಬಾಗಿಲಲ್ಲಿ ನಾನೇ ನಿಲ್ಲುತ್ತೇನೆ.

ಕಂಪನಿಗಳ ಹಣದ ದಾರಿ ಬೇರೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿತ ಗಾತ್ರ ಮೀರಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು, ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಆ ಹಣ ಯಾವ ಕೆಲಸಗಳಿಗೆ ಎಂದು ಪಟ್ಟಿ ಮಾಡುವ ಕಾಯ್ದೆಯ 7ನೇ ಪರಿಶಿಷ್ಟದಲ್ಲಿ ಶುದ್ಧ ಕುಡಿಯುವ ನೀರೂ ಇದೆ. ನಮ್ಮ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಕೋಲಾರವೇ ಸ್ಥಳೀಯ ಪ್ರದೇಶ ಎಂಬ ವಾದ ಹಿಡಿದು ಹೋದೆವು.

ಒಂದು ಕಂಪನಿ ಒಪ್ಪಿತು. ಆದರೆ ಅದು ಕಳಿಸಿದ ಕರಡು ಒಪ್ಪಂದದಲ್ಲಿ, ಲಿಖಿತ ಅನುಮತಿ ಇಲ್ಲದೆ ಯಾವ ಫಲಿತಾಂಶವನ್ನೂ ಪ್ರಕಟಿಸುವಂತಿಲ್ಲ ಎಂಬ ಷರತ್ತಿತ್ತು. ಮೊತ್ತ ದೊಡ್ಡದು, ಒಪ್ಪಿಬಿಡಿ ಎಂದವರಿದ್ದರು. ನಾನು ಒಪ್ಪಲಿಲ್ಲ. ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು 2018ರಲ್ಲಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಡಿ ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ ನಮ್ಮ ಜಿಲ್ಲೆಯಲ್ಲಿ ನೀರಿನ ವರದಿ ಎಂದರೆ ಜನ ಎರಡು ಸಲ ಯೋಚಿಸುತ್ತಾರೆ. ಸ್ಯಾಂಪಲ್ ತರಲು ಹೋದ ಊರಲ್ಲಿ ರೈತರು ಮೊದಲು ಕೇಳುವುದೇ, “ಇದಕ್ಕೆ ಯಾರು ದುಡ್ಡು ಕೊಟ್ಟವ್ರೆ ಸಾರ್?” ಅವರದು ನ್ಯಾಯವಾದ ಪ್ರಶ್ನೆ. ಹಣ ಕೊಟ್ಟವರು ಬೇಡವೆಂದರೆ ವರದಿ ಮುಚ್ಚಿಡಬೇಕಾದ ಲ್ಯಾಬು ಅವರಿಗೆ ಏನು ಉತ್ತರ ಹೇಳೀತು?

ಕುಲಸಚಿವರ ಕಚೇರಿಯ ಕಾನೂನು ಅಧಿಕಾರಿ ಜೊತೆಗೆ ನಿಂತರು. ಕಂಪನಿಯವರೊಂದಿಗೆ ಹಲವು ಸುತ್ತು ಮಾತಾಯಿತು. ಕೊನೆಗೆ ನಿಂತದ್ದು ಹೀಗೆ: ಪ್ರಕಟಣೆಗೆ 30 ದಿನ ಮುಂಚೆ ಬರಹ ಅವರಿಗೆ ತೋರಿಸುತ್ತೇವೆ, ಅವರ ವ್ಯಾಪಾರದ ಗುಟ್ಟು ಅದರಲ್ಲಿದ್ದರೆ ಅಷ್ಟನ್ನು ತೆಗೆಯಲು ಕೇಳಬಹುದು, ಅಂಕಿ, ತೀರ್ಮಾನ ಮುಟ್ಟುವಂತಿಲ್ಲ, ಯಾವ ಊರಿನಿಂದ ಸ್ಯಾಂಪಲ್ ತರಬೇಕು ಎನ್ನುವುದು ನಮ್ಮದೇ ನಿರ್ಧಾರ. ಮೊತ್ತ ಸ್ವಲ್ಪ ಇಳಿಯಿತು. ನನಗೆ ಅದರ ಬೇಸರವಿಲ್ಲ.

ಹೊಸದಾಗಿ ಲ್ಯಾಬು ಕಟ್ಟುವವರು ಉಪಕರಣದ ನಿರ್ವಹಣೆಯ ಮಾತನ್ನೂ ಆಗಲೇ ಆಡಿಕೊಳ್ಳಬೇಕು. ಪ್ರಾಜೆಕ್ಟ್ ಮೂರು ವರ್ಷಕ್ಕೆ ಮುಗಿದರೂ ಯಂತ್ರ ಉಳಿಯುತ್ತದೆ, ವಾರಂಟಿ ಮಾತ್ರ ಉಳಿಯುವುದಿಲ್ಲ. ನಾವು ಪ್ರಸ್ತಾವನೆಯಲ್ಲೇ ವಾರ್ಷಿಕ ನಿರ್ವಹಣಾ ವೆಚ್ಚ ಸೇರಿಸುತ್ತೇವೆ. ಖಾಸಗಿಯವರ ಸ್ಯಾಂಪಲ್ ಪರೀಕ್ಷೆಗೆ ಶುಲ್ಕ ಪಡೆದು, ಅದನ್ನು ವಿಶ್ವವಿದ್ಯಾಲಯದ ಪ್ರತ್ಯೇಕ ಖಾತೆಗೆ ಕಟ್ಟಿಸಿ, ಕೆಟ್ಟ ಬಿಡಿಭಾಗ ಬದಲಿಸಲು ಇಟ್ಟುಕೊಳ್ಳುತ್ತೇವೆ.

ಗ್ರಾಮ ಪಂಚಾಯಿತಿಗೆ ಕೊಡುವ ಪ್ರತಿ ವರದಿಯ ಮೊದಲ ಪುಟದಲ್ಲೇ ಆ ಕೆಲಸಕ್ಕೆ ಹಣ ಕೊಟ್ಟವರ ಹೆಸರು ಹಾಕುತ್ತೇವೆ. ಕೇಳಿದವರಿಗೆ ಒಪ್ಪಂದದ ಪ್ರತಿಯನ್ನೂ ಕೊಡುತ್ತೇವೆ.