ಬ್ರಿಟನ್ನಿನಲ್ಲಿ ನಿರುದ್ಯೋಗ ನೆರವು: ಕೆಲಸದ ಹುಡುಕಾಟವನ್ನು ದಾಖಲಿಸುವುದು ಹೇಗೆ?

ಬ್ರಿಟನ್ನಿನಲ್ಲಿ ನೌಕರಿ ಕಳೆದುಕೊಂಡವರಿಗೆ ಸಿಗುವ ‘ಯುನಿವರ್ಸಲ್ ಕ್ರೆಡಿಟ್’ ನೆರವು ಒಮ್ಮೆ ಮಂಜೂರಾದರೆ ತಾನಾಗಿ ಬರುತ್ತಲೇ ಇರುವಂಥದ್ದಲ್ಲ. ಕೆಲಸ ಹುಡುಕುತ್ತಿದ್ದೇವೆ ಎಂಬುದನ್ನು ತಪ್ಪದೇ ತೋರಿಸುತ್ತಿರಬೇಕು. ಇಲ್ಲಿ ನೆಲೆಸಿರುವ ನಮ್ಮವರು ಇಡೀ ದಿನ ಹುಡುಕಿಯೂ, ಅದನ್ನು ಸರಿಯಾಗಿ ಬರೆದಿಡದ ಕಾರಣಕ್ಕೆ ಹಣ ಕಳೆದುಕೊಂಡದ್ದನ್ನು ಕಂಡಿದ್ದೇನೆ. ಅಂಥವರಿಗಾಗಿ ಈ ಲೇಖನ.

ಮೊದಲು ಅರ್ಹತೆ. ವೀಸಾದಲ್ಲಿ ಸಾರ್ವಜನಿಕ ನಿಧಿಯ ನೆರವು ಪಡೆಯುವಂತಿಲ್ಲ ಎಂಬ ಷರತ್ತು ಇದ್ದರೆ ಅರ್ಜಿ ಹಾಕಲು ಹೋಗಬೇಡಿ, ಅದು ವೀಸಾಕ್ಕೇ ಕುತ್ತಾಗಬಹುದು. ಕಾಯಂ ವಾಸದ ಅನುಮತಿ ಅಥವಾ ಪೌರತ್ವ ಇದ್ದು, ಉಳಿತಾಯ 16,000 ಪೌಂಡ್ ಮೀರದಿದ್ದರೆ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಿ. ಮೊದಲ ಹಣ ಕೈಸೇರಲು ಸುಮಾರು 5 ವಾರ ಹಿಡಿಯುತ್ತದೆ.

ಎರಡನೆಯದು, ಜಾಬ್‌ಸೆಂಟರ್‌ನಲ್ಲಿ (ಸರ್ಕಾರಿ ಉದ್ಯೋಗ ಕಚೇರಿ) ವರ್ಕ್ ಕೋಚ್, ಅಂದರೆ ನಿಮ್ಮ ಹುಡುಕಾಟವನ್ನು ಗಮನಿಸುವ ಅಲ್ಲಿನ ಸಿಬ್ಬಂದಿಯ ಜೊತೆ ಕುಳಿತು ಮಾಡಿಕೊಳ್ಳುವ ಒಪ್ಪಂದ. ಸಾಮಾನ್ಯವಾಗಿ ವಾರಕ್ಕೆ 35 ಗಂಟೆಯವರೆಗಿನ ಹುಡುಕಾಟವನ್ನು ಅವರು ನಿರೀಕ್ಷಿಸುತ್ತಾರೆ. ಮಕ್ಕಳ ಅಥವಾ ವೃದ್ಧರ ಆರೈಕೆಯ ಹೊಣೆ, ಅನಾರೋಗ್ಯ ಇದ್ದರೆ ಈ ಗಂಟೆಗಳನ್ನು ಕಡಿಮೆ ಮಾಡಬಹುದು, ಆದರೆ ಅದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಹಿರಿಯರೆದುರು ಎಲ್ಲಕ್ಕೂ ತಲೆಯಾಡಿಸುವ ನಮ್ಮ ಅಭ್ಯಾಸವನ್ನು ಅಲ್ಲಿ ದಯವಿಟ್ಟು ಬದಿಗಿಡಿ, ಏಕೆಂದರೆ ಒಪ್ಪಿಕೊಂಡ ಪ್ರತಿ ಅಂಶವನ್ನೂ ಮುಂದೆ ನಡೆಸಿಕೊಡಬೇಕಾದವರು ನೀವೇ.

ಮೂರನೆಯದು ಆನ್‌ಲೈನ್ ಜರ್ನಲ್, ಅಂದರೆ ನಿಮ್ಮ ಯುನಿವರ್ಸಲ್ ಕ್ರೆಡಿಟ್ ಖಾತೆಯಲ್ಲಿ ಹುಡುಕಾಟದ ವಿವರ ಬರೆಯುವ ದಿನಚರಿ; ಹೆಚ್ಚಿನವರು ಎಡವುವುದು ಇಲ್ಲಿಯೇ. ‘ಈ ವಾರ ಹಲವು ಕೆಲಸಗಳಿಗೆ ಅರ್ಜಿ ಹಾಕಿದೆ’ ಎಂಬ ಸಾಲಿನಿಂದ ಏನೂ ಸಾಬೀತಾಗುವುದಿಲ್ಲ. ಅದರ ಬದಲು, ‘ಮಂಗಳವಾರ ಬೆಳಿಗ್ಗೆ 10ರಿಂದ 12.30: ಶಾಲೆಯೊಂದರ ಲೆಕ್ಕಪತ್ರ ಸಹಾಯಕ ಹುದ್ದೆಗೆ ಹೊಂದುವಂತೆ ಸಿವಿ ತಿದ್ದಿ ಅರ್ಜಿ ಕಳಿಸಿದೆ, ಸ್ವೀಕೃತಿಯ ಇಮೇಲ್ ಬಂದಿದೆ. ಮಧ್ಯಾಹ್ನ 2ರಿಂದ 3: ಕಳೆದ ವಾರದ ಅರ್ಜಿಯ ಬಗ್ಗೆ ಫೋನ್ ಮಾಡಿದೆ, ಶುಕ್ರವಾರ ತಿಳಿಸುತ್ತಾರಂತೆ’ ಎಂದು ಬರೆದರೆ ದಿನ, ಹೊತ್ತು, ಹುದ್ದೆ, ಮಾಡಿದ ಕೆಲಸ ಮತ್ತು ಅದರ ಫಲ ಎಲ್ಲವೂ ಒಂದೆಡೆ ಸಿಗುತ್ತವೆ. ಉದ್ಯೋಗದಾತರ ಹೆಸರನ್ನೂ ಸೇರಿಸಿ. ಅರ್ಜಿ ಹಾಕುವುದಷ್ಟೇ ಲೆಕ್ಕಕ್ಕೆ ಬರುತ್ತದೆಂದು ತಿಳಿದು ಸಿವಿ ತಿದ್ದಿದ್ದು, ಏಜೆನ್ಸಿಯಲ್ಲಿ ನೋಂದಾಯಿಸಿದ್ದು, ಸಂದರ್ಶನಕ್ಕೆ ತಯಾರಿ ನಡೆಸಿದ್ದು ಇವನ್ನೆಲ್ಲ ಬಿಟ್ಟುಬಿಡುವವರಿದ್ದಾರೆ. ಇವೂ ಹುಡುಕಾಟವೇ, ಇವುಗಳ ಗಂಟೆಗಳನ್ನೂ ಬರೆಯಿರಿ.

ವಾರದ ಕೊನೆಗೆ ನೆನಪಿಸಿಕೊಂಡು ಬರೆಯುವ ಪದ್ಧತಿ ಬೇಡವೇ ಬೇಡ. ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡು, ಪ್ರತಿ ಕೆಲಸ ಮುಗಿದೊಡನೆ ಅದರಲ್ಲಿ ಗುರುತು ಹಾಕಿ, ಅದೇ ಸಂಜೆ ಜರ್ನಲ್‌ಗೆ ಏರಿಸಿ. ಈ ಉದ್ದೇಶದ ಮೊಬೈಲ್ ಆ್ಯಪ್‌ಗಳಿಗಿಂತ ಕಾಗದವೇ ಮೇಲು ಎಂಬುದು ನನ್ನ ದೃಢವಾದ ಸಲಹೆ. ಸ್ವೀಕೃತಿಯ ಇಮೇಲ್‌ಗಳನ್ನು ಪ್ರತ್ಯೇಕ ಫೋಲ್ಡರ್‌ನಲ್ಲಿ ಇಡಿ. ಹಣ ಪಡೆದು ನಿಮ್ಮ ಹೆಸರಿನಲ್ಲಿ ನೂರಾರು ಅರ್ಜಿ ಕಳಿಸುವ ಸೇವೆಗಳನ್ನು ನಂಬಬೇಡಿ: ಯಾವ ಹುದ್ದೆಗೆ ಅರ್ಜಿ ಹೋಗಿದೆ ಎಂದು ನಿಮಗೇ ತಿಳಿಯದಿದ್ದರೆ ವರ್ಕ್ ಕೋಚ್ ಕೇಳುವ ಮೊದಲ ಪ್ರಶ್ನೆಗೇ ಉತ್ತರ ಇರುವುದಿಲ್ಲ.

ಜಾಬ್‌ಸೆಂಟರ್ ಭೇಟಿಗೆ ಹೋಗಲಾಗದಿದ್ದರೆ ಕಾರಣವನ್ನು ಮುಂಚಿತವಾಗಿಯೇ ಜರ್ನಲ್‌ನಲ್ಲಿ ಬರೆಯಿರಿ.

ಇಷ್ಟಾಗಿಯೂ ದಂಡ ಬೀಳುವುದುಂಟು. ಹುಡುಕಾಟ ಸಾಲದೆಂದು ತೀರ್ಮಾನವಾದರೆ ಮೊದಲ ಸಲ 28 ದಿನ, ಸಕಾರಣವಿಲ್ಲದೆ ಸಿಕ್ಕ ಕೆಲಸವನ್ನು ನಿರಾಕರಿಸಿದರೆ 91 ದಿನ ಭತ್ಯೆಗೆ ಕತ್ತರಿ ಬೀಳಬಹುದು. ತೀರ್ಮಾನ ತಪ್ಪೆನಿಸಿದರೆ ಒಂದು ತಿಂಗಳೊಳಗೆ ಮರುಪರಿಶೀಲನೆ ಕೋರಿ, ಆಯಾ ವಾರದ ನೋಟ್‌ಬುಕ್ ಪುಟಗಳ ಮತ್ತು ಇಮೇಲ್‌ಗಳ ಪ್ರತಿಗಳನ್ನು ಅದರೊಂದಿಗೆ ಸಲ್ಲಿಸಿ.